ಇಲಿಯ ಸೂತಕ

೧

ಈ ಕಥೆಯ ಮೊದಲ ವಾಕ್ಯ ನಾನು ಕೂರುವ ಮೊದಲೇ ಅಚ್ಚಾಗಿಬಿಟ್ಟಿದೆ. ಬಿಳೂರ ಬಸ್ ಸ್ಟ್ಯಾಂಡಿನ ಫ್ಲೆಕ್ಸಿನ ಮೇಲೆ, ಸಿಪಾಯಿ ಅಮೋಗಸಿದ್ದನ ಫೋಟೋದ ಕೆಳಗೆ, ಕೆಂಪು ಅಕ್ಷರಗಳಲ್ಲಿ: 'ಗಡಿಯ ಇಲಿಗಳ ಹುಟ್ಟಡಗಿಸಿದ ನಮ್ಮೂರ ಹುಲಿ.'

ಬರೆದವನು ನಾನೇ. ಇಲಿ, ಹುಲಿ. ಪ್ರಾಸ ಕೂಡಿತೆಂದು ಆವತ್ತು ಒಂದು ಕಪ್ ಚಹಾ ಹೆಚ್ಚಿಗೆ ಕುಡಿದೆ.

ಹಾಗಾದರೆ ಎರಡನೆಯ ವಾಕ್ಯ ಎಲ್ಲಿಂದ ಹೊರಡಬೇಕು? ಗುಂಡಿನ ಸದ್ದಿನಿಂದ? ಆ ಸದ್ದು ನಾನು ಕೇಳಿಲ್ಲ. ನಾನು ಕೇಳಿ ಬೆಳೆದದ್ದು ವಚನ. ಅಜ್ಜ ಬೆಳಗಿನ ಪೂಜೆಗೆ ಕುಳಿತು ಹೇಳುತ್ತಿದ್ದ, ನಾನು ಕಂಬಕ್ಕೊರಗಿ ಕೇಳುತ್ತಿದ್ದೆ. ಬಾಯಿಂದ ಹೊರಟ ಮಾತನ್ನು ಎಲ್ಲರಿಗಿಂತ ಮೊದಲು ದೇವರು ಕೇಳಿಸಿಕೊಳ್ಳುತ್ತಾನೆಂದು ನಂಬಿಸಿದ್ದರು. ಈಗಲೂ ನಂಬುತ್ತೇನೆ. ಹಾಗಾಗಿ ಆ ಫ್ಲೆಕ್ಸನ್ನೂ ಅವನು ಓದಿರಬೇಕು.

೨

'ಅಮೋಗಸಿದ್ದ ರಜೆಯ ಮೇಲೆ ಬಂದಾಗ ಮನೆಯ ಕುರಿಗಳು ದೂರದಿಂದಲೇ ಅವನ ಗುರುತು ಹಿಡಿದವು.'

ಹೊಡೆದುಹಾಕಿದೆ. (ಕುರಿಗಳು ಮೇಯಲು ಹೋಗಿದ್ದವು. ಕಥೆಗಾರನ ಅನುಕೂಲಕ್ಕೆ ಅವು ತಿರುಗಿ ಬರುವುದಿಲ್ಲ.)

೨, ಇನ್ನೊಮ್ಮೆ

ಶನಿವಾರ ಬಂದ. ತಾಯಿ ಕಾಳವ್ವ ಕಾಲಿಗೆ ನೀರು ತಂದಳು. ಅವನು ಹೊಸ್ತಿಲು ದಾಟಲಿಲ್ಲ.

"ಒಳಗ ಬಾರೋ ಯಪ್ಪಾ."

"ಬ್ಯಾಡ ಯವ್ವಾ. ನನಗ ಸೂತಕ ಐತಿ."

"ಅಯ್ಯ, ಯಾರ್ ಸತ್ತಾರೋ?"

"ಒಬ್ಬ ಮನಷ್ಯಾ. ನಾನ ಹೊಡದೇನಿ."

ಕುರಿಹಟ್ಟಿಯ ಮೂಲೆಯಲ್ಲಿ ಕಂಬಳಿ ಹಾಸಿಕೊಂಡ. ರೊಟ್ಟಿಯನ್ನು ದೂರದಿಂದ ಇಡಿಸಿಕೊಂಡ. ಸೂತಕ ಇದ್ದವರು ಬೀರಪ್ಪನ ಗುಡಿಯ ಕಟ್ಟೆ ಹತ್ತುವಂತಿಲ್ಲ. ಸೋಮವಾರ ಅದೇ ಕಟ್ಟೆಯ ಮೇಲೆ ಅವನ ಸತ್ಕಾರ. ಮಾನಪತ್ರ ಓದಬೇಕಾದವನು ನಾನು.

೩

ರವಿವಾರ ಅಮೋಗಸಿದ್ದನ ಹಟ್ಟಿಗೆ ಹೋದೆ.

"ಕುಂದ್ರಿ ಮಾಸ್ತರ, ಆದ್ರ ಸ್ವಲ್ಪ ದೂರ ಕುಂದ್ರಿ," ಅಂದ. ಬಳಿಕ ತಾನೇ ಶುರುಮಾಡಿದ. "ಮ್ಯಾಲಿನ ಪೋಸ್ಟಿನ್ಯಾಗ ಆ ಕಡೆಯವ್ರು ನಮಗ ಚೂಹಾ ರೀ. ಇಲಿ. ಹೊಡದ್ರ ವಾಯರ್‌ಲೆಸ್‌ನ್ಯಾಗ 'ಒಂದು ಸಾಫ್' ಅನ್ನೂದು. ಹೆಣಕ್ಕ ಪಾರ್ಸಲ್ ಅಂತೀವಿ. ಭಾಳ ಉಪಯೋಗ ಐತ್ರಿ ಈ ಮಾತಿಂದ. ಇಲಿ ಅಂದ್ರ ಕೈ ನಡಗೂದಿಲ್ಲ."

"ಆಮ್ಯಾಲೆ?"

"ಆಮ್ಯಾಲೆ ಪಾರ್ಸಲ್ ವಾಪಸ್ ಕೊಡಾಕ ನನ್ನ ಕಳಿಸಿದ್ರು. ಹೊತ್ಕೊಂಡು ಹೊಂಟೆ. ಅಂವನ ಸ್ವೆಟರ್ ಮೊಳಕೈಯಾಗ ಹರದಿತ್ರಿ. ಯಾರೋ ರಫು ಮಾಡಿದ್ರು. ಹಸಿರು ಸ್ವೆಟರಿಗೆ ಕಂದು ಉಣ್ಣಿ ನೂಲು. ನಮ್ಮವ್ವ ಕಂಬಳಿಗಿ ಹಾಕ್ತಾಳಲ್ರಿ, ಹಂಗ, ಅಡ್ಡಾ ಉದ್ದಾ." ತನ್ನ ಕಂಬಳಿಯ ಅಂಚನ್ನು ಮುಂದೆ ಹಿಡಿದ. "ಇಲಿಗಿ ಯಾರ್ರೀ ರಫು ಮಾಡ್ತಾರ?"

೪

ಸತ್ಕಾರ ಸಮಿತಿಯ ಅಧ್ಯಕ್ಷ ಸೋಮನಿಂಗಪ್ಪ ಅಷ್ಟರಲ್ಲಿ ಬೈಕಿನ ಮೇಲೆ ಬಂದ. ಇಳಿಯಲೂ ಇಲ್ಲ.

"ಏ ಅಮೋಗ್ಯಾ, ಇಲಿ ಸತ್ರ ಸೂತಕ ಹಿಡಿಯೂ ಮಗನ್ನ ಇವತ್ತ ನೋಡಿದ್ನಿ! ಮುನ್ನೂರು ಮಂದಿಗಿ ಶಿರಾ ಹೇಳೀನಿ."

"ತಿನ್ರಿ ಕಾಕಾ."

"ಸೂತಕ ಅನ್ನೂದು ಸಂಬಂಧಿಕರಿಗಿ. ಅಂವ ನಿನ್ನ ಬೀಗನೋ, ಅಳಿಯನೋ?"

"ಹೊಡದಾಂವ ನಾನ ಅಲ್ಲೇನ್ರಿ? ಅಷ್ಟು ಸಂಬಂಧ ಸಾಕು."

"ಮಾಸ್ತರ, ಶಾಣ್ಯಾ ಮಂದಿ ನೀವ. ಇವಂಗ ತಿಳಿಸಿ ಹೇಳ್ರಿ."

ನಾನು ಕೇಳುತ್ತಲೇ ಕೂತೆ. ಕೇಳುವುದು ನನ್ನ ಅಭ್ಯಾಸ. (ಇದನ್ನು ಇಷ್ಟು ವರ್ಷ ಭಕ್ತಿ ಎಂದುಕೊಂಡಿದ್ದೆ. ಹೇಡಿತನಕ್ಕೂ ಇದೇ ಭಂಗಿ ಇರುತ್ತದೆ.)

೫

ಇಲ್ಲಿ ಕಥೆ ನಿಲ್ಲಿಸಿ ಸಿಟ್ಟು ಮಾಡಿಕೊಳ್ಳುತ್ತೇನೆ.

ಅವನಿಗೆ ಆ ಶಬ್ದ ಬೇಕಾಗಿತ್ತು, ಕೈ ನಡುಗಬಾರದೆಂದು. ಅದನ್ನು ಅವನ ಬಾಯಿಗೆ ಹಾಕಿದವರಿಗೂ ಗೊತ್ತಿತ್ತು, ಮನುಷ್ಯನೆಂದರೆ ಕೈ ನಡುಗುತ್ತದೆ ಅಂತ. ನನಗೆ ಯಾಕೆ ಬೇಕಾಗಿತ್ತು? ನನ್ನ ಕೈಯಲ್ಲಿ ಪೆನ್ನಿತ್ತು. ಸೋಮನಿಂಗಪ್ಪನ ಕೈಯಲ್ಲಿ ಶಿರಾದ ಯಾದಿ. ಟಿವಿ ಸ್ಟುಡಿಯೋದ ಏಸಿಯಲ್ಲಿ ಕೂತು ಅರಚುವವನ ಕೈ ಯಾವ ಬಂದೂಕು ಹಿಡಿದು ನಡುಗುತ್ತಿತ್ತು? ಫ್ಲೆಕ್ಸಿನ ಫೋಟೋ ಗ್ರೂಪಿಗೆ ಬಂದಾಗ ಹೆಬ್ಬೆರಳು ಎತ್ತಿದ ನಿಮ್ಮದು? (ಮುನಿಸಿಕೊಳ್ಳಬೇಡಿ ಎಂದು ಬರೆಯಬೇಕು. ಬರೆಯುವುದಿಲ್ಲ.) ಹೊಡೆದವನು ಆ ಶಬ್ದವನ್ನು ಗಡಿಯಲ್ಲೇ ಉಗುಳಿ ಬಂದ. ಹೊಡೆಯದ ನಾವು ಅದನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡೆವು. ಪ್ರಾಸದ ಸಮೇತ.

೬

ಬೈಕು ಹೋದ ಮೇಲೆ ಅಮೋಗಸಿದ್ದ ನನ್ನ ಜೋಳಿಗೆಯಲ್ಲಿ ಕೈಹಾಕಿ ಇದೇ ಹಾಳೆಗಳನ್ನು ತೆಗೆದ. (ಪಾತ್ರಗಳು ಹಾಗೆ ಮಾಡಬಾರದು. ಇವನು ಮಾಡಿದ.)

"ನನ್ನ ಮ್ಯಾಲೆ ಕಥಿ ಬರ್ಯಾಕ ಹತ್ತೀರೇನ್ರಿ? ಅಂವಗ ಏನಂತ ಕರದೀರಿ ಇದರಾಗ?"

ಬೆರಳಿಟ್ಟು ಹುಡುಕಿದ. ಹಳೆಯ ಕರಡಿನಲ್ಲಿ 'ಶತ್ರು', 'ಆ ಕಡೆಯವನು', 'ಮೃತದೇಹ'.

"ನೀವೂ ಪಾರ್ಸಲ್ ಕಟ್ಟೀರಿ ಮಾಸ್ತರ. ಹಾಳಿ ಚಲೋದು ಐತಿ, ಅಷ್ಟ."

"ಏನಂತ ಬರೀಲಿ?"

"ಹೆಸರು ಇಡ್ರಿ. ನಾ ಸೂತಕ ಹಿಡದು ನಾಳಿಗಿ ಮೂರು ದಿನಾ. ಹಾಲುತುಪ್ಪ ಎರೆಯೂ ಮುಂದ ಸತ್ತವನ ಹೆಸರು ಹಿಡದು ಕರೀಬೇಕು. ನನಗ ಗೊತ್ತಿಲ್ಲ, ಯಾರೂ ಹೇಳ್ಲಿಲ್ಲ. ನೀವ ಕಥ್ಯಾಗ ಎಷ್ಟು ಮಂದಿಗಿ ಹೆಸರಿಟ್ಟಿಲ್ಲ?"

ಇಡಬಹುದಿತ್ತು. ಕಿವಿಗೆ ಇಂಪಾದ ಮೂರಕ್ಷರ. ಆದರೆ ಅವನು ಒಂದು ಸಲವೂ ಓಗೊಡದ ಹೆಸರು ಅದು. 'ಇಲಿ' ಇಟ್ಟ ಕೈಯೇ ಅದನ್ನೂ ಇಟ್ಟರೆ ಸತ್ತವನಿಗೆ ಎರಡು ಸಲ ನನ್ನದೇ ಶಬ್ದ.

"ಆಗೂದಿಲ್ಲೋ," ಅಂದೆ.

"ಇಲಿ ಅನ್ನಾಕ ಮಾತ್ರ ಆತಲ್ರಿ," ಅಂದ. ಹಾಳೆಗಳನ್ನು ನೆಲದ ಮೇಲಿಟ್ಟ, ಕೈಗೆ ಕೊಡಲಿಲ್ಲ.

೭

ಮುಕ್ತಾಯಗಳು, ನಿಮಗೆ ಬೇಕಾದರೆ:

ಅಮೋಗಸಿದ್ದ ಕಟ್ಟೆಯ ಮೇಲೆ ನಿಂತು ರಫುವಿನ ಕಥೆ ಹೇಳುತ್ತಾನೆ, ಊರೆಲ್ಲ ಅಳುತ್ತದೆ. (ಸುಳ್ಳು. ಶಿರಾ ಬಿಸಿ ಇರುವಾಗ ಯಾರೂ ಅಳುವುದಿಲ್ಲ.)

ರಫು ಮಾಡಿದ ಹೆಂಗಸಿನಿಂದ ಕಾಗದ ಬರುತ್ತದೆ. (ಹಾಗೆ ಬರೆದರೆ ನನ್ನ ಕೈ ಸೇದಿಹೋಗಲಿ.)

ರಜೆ ಮುಗಿಯುತ್ತದೆ, ಪೋಸ್ಟಿಗೆ ಮರಳುತ್ತಾನೆ, ಒಂದು ವಾರದಲ್ಲಿ ಮತ್ತೆ 'ಚೂಹಾ' ಅನ್ನುತ್ತಾನೆ. (ಇದಕ್ಕೆ ಕಂಸದೊಳಗೆ ಹೇಳಲು ನನ್ನ ಬಳಿ ಏನೂ ಇಲ್ಲ.)

೮

ಸೋಮವಾರ ಬೆಳಿಗ್ಗೆ. ಕಟ್ಟೆಯ ಮೇಲೆ ಖಾಲಿ ಕುರ್ಚಿ, ಕುರ್ಚಿಯ ಮೇಲೆ ಶಾಲು, ತೆಂಗಿನಕಾಯಿ. ನಾನು ಅಲ್ಲಿಲ್ಲ. ಹಟ್ಟಿಯ ಹಿಂದಿದ್ದೇನೆ. ಬನ್ನಿಗಿಡದ ಕೆಳಗೆ ಒಂದು ಕಲ್ಲು. ಅಮೋಗಸಿದ್ದ ತಲೆ ಬೋಳಿಸಿಕೊಂಡಿದ್ದಾನೆ. ಕಾಳವ್ವ ಹಾಲುತುಪ್ಪದ ಚರಿಗೆ ಎತ್ತಿ ಹಿಡಿದಿದ್ದಾಳೆ.

"ಹೆಸರು?" ಅಂದಳು.

ಮಗ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಇರಲಿ ಬಿಡ್ರಿ. ಅಂವನ ಹಡದಾಕಿಗಿ ಗೊತ್ತೈತಿ. ಆಕಿ ಕರದಿರ್ತಾಳ. ನಾವು ಸುಮ್ಮನ ಎರೆಯೂಣು," ಅಂದಳು ಕಾಳವ್ವ.

ಚರಿಗೆ ಬಾಗಿತು. ಆಗ ಗುಡಿಯ ಮೈಕು ಗರ್ ಎಂದಿತು. ನಾನಿಲ್ಲದ್ದಕ್ಕೆ ಮಾನಪತ್ರವನ್ನು ಸೋಮನಿಂಗಪ್ಪನೇ ಓದುತ್ತಿದ್ದ. "ಗಡಿಯ ಇಲಿಗಳ..." ಸುತ್ತಲಿನ ಹೊಲಗಳಿಗೆಲ್ಲ ಕೇಳುವಂತೆ, ನನ್ನದೇ ಪ್ರಾಸ. ಚಪ್ಪಾಳೆ. ಚಲೋ ಇದೆಯೆಂದು ಮತ್ತೊಮ್ಮೆ ಓದಿದ.

ಕಾಳವ್ವ ಚರಿಗೆ ನೆಟ್ಟಗೆ ಮಾಡಿದಳು. ಒಂದು ಹನಿಯೂ ಬಿದ್ದಿರಲಿಲ್ಲ.

"ಆ ಹೆಸರು ಕರಿಯೂದು ನಿಲ್ಲೂತನಕಾ ನಾ ಎರೆಯಾಂಗಿಲ್ಲ. ನಿಲ್ಲಸ್ರಿ ಅದನ್ನ. ಬರದವ್ರು ನೀವ ಅಲ್ಲೇನು?"

ಇಲ್ಲಿ ಮುಗಿಸಬಹುದು. ಮುಗಿಸುವುದಿಲ್ಲ. ನಾನು ಗುಡಿಯ ಕಡೆ ಓಡುತ್ತಿದ್ದೇನೆ, ಮುನ್ನೂರು ಮಂದಿ ನಡುವೆ ಇದ್ದಾರೆ, ಈಗ ಸೋಮನಿಂಗಪ್ಪ ಮೂರನೆಯ ಸಲ ಓದುತ್ತಿದ್ದಾನೆ. ಹಿಂದೆ ಆಕೆ ಹಾಗೇ ನಿಂತಿದ್ದಾಳೆ, ಚರಿಗೆ ಎತ್ತಿ ಹಿಡಿದು. ವಯಸ್ಸಾದ ಕೈ. ನೋಯತೊಡಗಿದೆ.