ರಹ್ಮತ್ ತಾವೇ ಆರಿಸಿದ ಫೋನು

ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಮಗ ಹೊಸ ಫೋನು ಕೊಂಡರೆ ಅವನ ಹಳೆಯದು ಅಪ್ಪನಿಗೆ, ಅಪ್ಪನ ಹಳೆಯದು ಅಮ್ಮನಿಗೆ. ಜೆಪ್ಪುವಿನಲ್ಲಿ ನಮ್ಮ ನೆರೆಮನೆಯ ರಹ್ಮತ್ ಅವರಿಗೂ ಹಾಗೆ ಎರಡು ಕೈ ದಾಟಿದ ಫೋನೇ ಸಿಕ್ಕಿತ್ತು. ಮಗ ಸುಹೈಬ್ ತಾನು ಕೆಲಸಕ್ಕಿರುವ ದಮ್ಮಾಮಿನಿಂದ ತಂದದ್ದು, ಬೆನ್ನಿಗೆ ನಾಲ್ಕು ಕ್ಯಾಮೆರಾ. ರಹ್ಮತ್‌ಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂದವಾಗಿದೆ. ಅದರ ಸಣ್ಣ ಅಕ್ಷರ ಅವರಿಗೆ ಕಾಣುತ್ತಲೇ ಇರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಹೋದ ತಿಂಗಳು ಅವರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದರು. ಫೋನು ಕೈಯಲ್ಲೇ ಇತ್ತು. ಗಂಡ ಅಲಿಯಬ್ಬ ತೊಕ್ಕೊಟ್ಟಿನ ತಮ್ಮ ಹಣ್ಣಿನ ಅಂಗಡಿಯಲ್ಲಿದ್ದರು. ರಹ್ಮತ್ ಒಂದು ಗಂಟೆ ಹೊತ್ತು ಫೋನಿನ ಗಾಜು ಉಜ್ಜಿದರೂ ಒಂದು ಕರೆ ಹೋಗಲಿಲ್ಲ. ನಾನು ಕರಿಬೇವು ಕೇಳಲು ಹೋದಾಗ ಅವರು ಅಲ್ಲೇ ಬಿದ್ದಿದ್ದರು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎನ್ನುತ್ತಾರಲ್ಲ, ಅಂಥ ಫೋನು ಅದು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಎಡಗೈ ಮೂಳೆ ಬಿರುಕು ಬಿಟ್ಟಿತ್ತು. ಫೋನಿನ ಗಾಜೂ ಒಡೆದಿತ್ತು. ಕೈಯ ಪಟ್ಟಿ ಬಿಚ್ಚಿದ ಮೇಲೆ ಅಲಿಯಬ್ಬ ಹೊಸ ಫೋನು ತರಲು ಒಬ್ಬರೇ ಹೊರಟರು.

"ರಹ್ಮತ್ ಬರುವುದಿಲ್ವಾ?" ಎಂದೆ.

"ಅವಳಿಗೆ ಫೋನಿನ ವಿಷಯ ಎಂತ ಗೊತ್ತುಂಟು ಮುದ್ದಕ್ಕಾ?"

"ಚಪ್ಪಲಿ ಕೊಳ್ಳುವಾಗ ಕಾಲು ಮನೆಯಲ್ಲಿಟ್ಟು ಹೋಗ್ತೀರಾ?"

ಅವರು ರಹ್ಮತ್ ಅವರನ್ನೂ ಕರೆದರು. ಮೂವರೂ ಹೋದೆವು.

ಫೋನಿನ ಅಂಗಡಿಯಲ್ಲಿ ಅಲಿಯಬ್ಬ ದೊಡ್ಡ ಫೋನೊಂದನ್ನು ಅಂಗೈಯಲ್ಲಿ ತೂಗಿ, ಕಲ್ಲಂಗಡಿ ನೋಡುವ ಹಾಗೆ ಬೆರಳಿನಿಂದ ತಟ್ಟಿದರು.

"ಭಾರ ಉಂಟು. ಇದೇ ಇರಲಿ."

ಫೋನು ತೋರಿಸುತ್ತಿದ್ದ ಹುಡುಗಿ ಶೈಮಾ ನಕ್ಕಳು. "ಕಾಕ, ಫೋನು ಯಾರಿಗೆ?"

"ಇವಳಿಗೆ."

"ಹಾಗಾದ್ರೆ ಮಾಮಿಯನ್ನೇ ಕೇಳುವಾ. ಮಾಮಿ, ಫೋನಿನಲ್ಲಿ ನಿಮಗೆ ಎಂತ ಮಾಡ್ಲಿಕ್ಕುಂಟು?"

ಆ ಪ್ರಶ್ನೆಯನ್ನು ರಹ್ಮತ್‌ಗೆ ಈವರೆಗೆ ಯಾರೂ ಕೇಳಿರಲಿಲ್ಲ.

"ಸುಹೈಬನ ಮಗುವಿನ ಮುಖ ನೋಡ್ಬೇಕು. ಮತ್ತೆ, ಬಿದ್ರೆ ಇವರನ್ನು ಕರೀಬೇಕು."

ಅಲಿಯಬ್ಬ ದೊಡ್ಡ ಫೋನನ್ನು ಮೆಲ್ಲನೆ ಕೆಳಗಿಟ್ಟರು.

ಶೈಮಾ ಸಾಧಾರಣ ಬೆಲೆಯ ಎರಡು ಫೋನು ತೆಗೆದಳು. "ಒಂದೇ ಕೈಯಲ್ಲಿ ಹಿಡಿದು ನೋಡಿ ಮಾಮಿ. ಚಾರ್ಜು ಇಡೀ ದಿನ ಬರ್ತದೆ, ಸದ್ದೂ ಜೋರುಂಟು. ಹಾಳಾದ್ರೆ ರಿಪೇರಿ ಇಲ್ಲೇ ಆಗ್ತದೆ, ಬಿಲ್ಲು ಮಾತ್ರ ಜೋಪಾನ." ರಹ್ಮತ್ ಕೈಗೆ ಹಗುರಾದದ್ದನ್ನು ಆರಿಸಿ, ಹಳೆಯದರ ಅಕ್ಷರ ತಮಗೆ ಕಾಣುತ್ತಲೇ ಇರಲಿಲ್ಲ ಎಂದು ಮೊದಲ ಸಲ ಹೇಳಿದರು. ಶೈಮಾ ಅದರ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರ ದೊಡ್ಡದು ಮಾಡಿದಳು. ಕರೆ ಬಂದರೆ ಹೆಸರನ್ನು ಫೋನೇ ಕೂಗುವಂತೆ, ಪಕ್ಕದ ಗುಂಡಿಯನ್ನು ಐದು ಸಲ ಒತ್ತಿದರೆ ತುರ್ತು ಕರೆ ಹೋಗುವಂತೆ ಮಾಡಿದಳು.

"ಇದೆಲ್ಲ ಈ ಫೋನಿನಲ್ಲಿ ಮಾತ್ರವಾ?" ಅಲಿಯಬ್ಬ ಕೇಳಿದರು.

"ಇಲ್ಲ ಕಾಕ. ಅಕ್ಷರ ದೊಡ್ಡ ಮಾಡ್ಲಿಕ್ಕೆ ಹಳೆಯದರಲ್ಲೂ ಆಗ್ತಿತ್ತು. ಯಾರೂ ಮಾಡಿ ಕೊಡ್ಲಿಲ್ಲ."

ಅಲಿಯಬ್ಬ ತಲೆ ತಗ್ಗಿಸಿದರು. ಪಾಪ ಅನ್ನಿಸಿತು ನನಗೆ.

"ಮಾಮಿ, ಮುಖ ಒತ್ತಿದ್ರೆ ಕರೆ ಹೋಗುವ ಹಾಗೆ ಫೋಟೋ ಇಡ್ತೇನೆ. ಮೊದಲು ಯಾರದ್ದು? ಮಗನದ್ದಾ?"

"ಅಲ್ಲ, ಇವರದ್ದು."

ಅಲಿಯಬ್ಬ ಟೊಪ್ಪಿ ಸರಿ ಮಾಡಿಕೊಂಡು ನಿಂತರು. ಶೈಮಾ ಫೋಟೋ ಹಿಡಿದಳು. ರಹ್ಮತ್ ಆ ಮುಖವನ್ನು ಬೆರಳಿನಿಂದ ಒತ್ತಿದರು. ಅಲಿಯಬ್ಬರ ಅಂಗಿಯ ಕಿಸೆ ರಿಂಗಾಯಿತು. ಹೆಂಡತಿಯ ಪಕ್ಕದಲ್ಲೇ ನಿಂತಿದ್ದರೂ ಅವರು ಫೋನು ತೆಗೆದು ಕಿವಿಗೆ ಹಿಡಿದರು.

"ಹಲೋ, ಎಲ್ಲಿದ್ದಿ?"

"ನಿಮ್ಮ ಹತ್ತಿರವೇ."

"ಯಾವಾಗ ಬೇಕಾದ್ರೂ ಕರಿ. ಅಂಗಡಿ ಬಿಟ್ಟು ಬರ್ತೇನೆ," ಎಂದರು.

ಓದುತ್ತಿರುವ ನೀವೂ ಇವತ್ತೇ ನಿಮ್ಮ ಅಮ್ಮನ ಫೋನು ಕೈಗೆ ತೆಗೆದುಕೊಳ್ಳಿ. ಅಕ್ಷರ ಕಾಣುತ್ತದೆಯೇ, ಸದ್ದು ಕೇಳುತ್ತದೆಯೇ ಎಂದು ಅವರನ್ನೇ ಕೇಳಿ, ಸರಿಮಾಡಿ ಕೊಡಿ. ಹೊಸದು ಕೊಳ್ಳುವುದಾದರೆ ಅವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಆಮೇಲೆ ಅವರ ಕೈಯಿಂದಲೇ ನಿಮಗೊಂದು ಕರೆ ಮಾಡಿಸಿ. ಪಕ್ಕದಲ್ಲೇ ಕೂತಿದ್ದರೂ ಎತ್ತಿ ಮಾತಾಡಿ.