ನೋಡದ ಸೀಮೆಯ ಒಡೆಯ

ಒತಾನಿ ಕಣಿವೆಯ ಪಾಳೆಗಾರ ಕುಸಕಾ ಮೊರಿಚಿಕಾನಿಗೆ ಆ ವರ್ಷ ಬಿರುದಿನ ಆಸೆ ಹುಟ್ಟಿತು. ಸುತ್ತಲಿನ ಪಾಳೆಗಾರರೆಲ್ಲ ಕ್ಯೋಟೋದ ಅರಮನೆಯವರಿಗೆ ಕಾಣಿಕೆ ಕೊಟ್ಟು ಆ ಸೀಮೆಯ ಒಡೆಯ, ಈ ಸೀಮೆಯ ಒಡೆಯ ಎಂದು ಕರೆಸಿಕೊಳ್ಳುತ್ತಿದ್ದರು. ಮೇಲಿನ ದೊರೆಯ ಹೊಸವರ್ಷದ ಕೂಟದಲ್ಲಿ ಬರಿಯ ಹೆಸರಿನಿಂದ ಕರೆಸಿಕೊಂಡು ಕಡೆಯ ಸಾಲಿನಲ್ಲಿ ಕೂತವನು ಇವನೊಬ್ಬನೇ.

ಬೊಕ್ಕಸ ಬರಿದಾಗಿತ್ತು. ಬತ್ತದ ಪಾಲೆಲ್ಲ ಮೇಲಿನ ದೊರೆಗೆ, ಕಾಳಗಕ್ಕೆ, ಮಠಕ್ಕೆ ಹಂಚಿಹೋಗಿತ್ತು. ಆಗ ಪಾರುಪತ್ಯಗಾರ ಸೊಮೊನ್ ದಾರಿ ತೋರಿದ. ಸೂರು ಇರುವ ಪ್ರತಿ ಮನೆಗೂ ಒಂದು ಹೊಸ ಕಂದಾಯ. ಮೊರಿಚಿಕಾ ಹೂಂ ಅಂದುಬಿಟ್ಟ. ಕೊಡಲಾಗದವರ ಮನೆಗಳಿಂದ ಸೊಮೊನ್‌ನ ಆಳುಗಳು ಅನ್ನ ಬೇಯಿಸುವ ಕಬ್ಬಿಣದ ಪಾತ್ರೆಗಳನ್ನು ಹೊತ್ತು ತಂದು ಉಗ್ರಾಣದಲ್ಲಿ ಒಟ್ಟಿದರು.

ಬಿರುದು ಬಂತು. ಬುಂಗೊ ಸೀಮೆಯ ಒಡೆಯ. ಬಂದದ್ದು ಹೆಸರಷ್ಟೇ; ಬುಂಗೊ ಇದ್ದದ್ದು ಕಡಲಾಚೆ, ಬೇರೆಯವರ ಕೈಯಲ್ಲಿ. ಮೊರಿಚಿಕಾ ಅದನ್ನು ಕನಸಿನಲ್ಲೂ ಕಂಡವನಲ್ಲ.

ಬತ್ತ ಬಲಿತು ಬಾಗಿದ ಹೊತ್ತಿಗೆ ಒಂದು ಬೆಳಗ್ಗೆ ಸೊಮೊನ್ ಏದುಸಿರು ಬಿಡುತ್ತ ಬಂದ.

“ಬುದ್ಧಿ, ಊರಲ್ಲಿ ನರಪಿಳ್ಳೆ ಇಲ್ಲ. ಬಾಗ್ಲಿಗೆಲ್ಲ ಬಿದಿರು ಸೊಪ್ಪು ಕಟ್ಟಿ ಗುಡ್ಡ ಹತ್ತವ್ರೆ.”

ಊರು ಬಿಟ್ಟವರು ಹಾಗೆ ಸೊಪ್ಪು ಕಟ್ಟಿದ ಮನೆಯೊಳಕ್ಕೆ, ಹಳೆಯ ಕಟ್ಟಳೆಯಂತೆ, ಪಾಳೆಗಾರನೂ ಕಾಲಿಡುವಂತಿರಲಿಲ್ಲ.

“ಆಳು ಕಳಿಸಿ ಎಳಕೊಂಡು ಬರ್ಲಾ?”

“ಬಡಿದು ಕೈಕಾಲು ಮುರಿದ್ರೆ ಗದ್ದೆ ಕೊಯ್ಯೋರ್ಯಾರು? ನೀನಾ?”

ಮೊರಿಚಿಕಾ ತನ್ನ ಬಂಟರನ್ನೇ ಗದ್ದೆಗಿಳಿಸಿ ನೋಡಿದ. ಕತ್ತಿ ಹಿಡಿದ ಕೈಗೆ ಕುಡುಗೋಲು ಒಗ್ಗಲಿಲ್ಲ. ಒಬ್ಬ ಮೊಣಕಾಲು ಕೊಯ್ದುಕೊಂಡು ಕೆಸರಿನಲ್ಲಿ ಕುಕ್ಕರಿಸಿದಾಗ ಗುಡ್ಡದ ಮೇಲಿಂದ ನಗು ಕೇಳಿಬಂತು. ಮೊರಿಚಿಕಾ ತಲೆ ಎತ್ತಲಿಲ್ಲ. ಕಾಳು ಉದುರತೊಡಗಿದ ಮೇಲೆ, ಕತ್ತಿಯನ್ನು ಮನೆಯಲ್ಲೇ ಬಿಟ್ಟು, ಒಬ್ಬನೇ ಗುಡ್ಡ ಹತ್ತಿದ.

ಮರಗಳ ನಡುವೆ ಊರಿಗೆ ಊರೇ ಕೂತಿತ್ತು. ಊರಗೌಡ ಯಜಿರೋ ಎದ್ದು ಕೈಕಟ್ಟಿ ನಿಂತ.

“ಬುಂಗೊ ಒಡೇರು ಇಷ್ಟು ದೂರ ನಡ್ಕೊಂಡು ಬಂದ್ರಾ? ಅಷ್ಟು ದೊಡ್ಡ ಸೀಮೆ ಸಿಕ್ತಂತಲ್ಲ ಬುದ್ಧಿ. ಇನ್ಮೇಲೆ ಕಂದಾಯ ಅಲ್ಲೇ ಎತ್ಕೊಳ್ಳಿ. ಈ ಬಡಕಲು ಕಣಿವೆ ಯಾಕೆ?”

ಹೆಂಗಸರು ಮುಸಿಮುಸಿ ನಕ್ಕರು. ಮೊರಿಚಿಕಾನ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಕಮೆ ಎಂಬ ಮುದುಕಿ ಎಲೆಯ ಮೇಲೆ ಸುಟ್ಟ ಕಾಡುಗೆಣಸು ಇಟ್ಟುಕೊಂಡು ಬಂದಳು. ಅವಳ ಗಂಡ ಮೊರಿಚಿಕಾನ ತಂದೆಯ ಈಟಿ ಹೊತ್ತು ಹೋಗಿ ಕಾಳಗದಲ್ಲೇ ಸತ್ತವನು.

“ದಣಿದು ಬಂದಿದ್ದೀರ, ತಿನ್ನಿ ನನ್ನಪ್ಪ. ಗಂಜಿ ಕಾಸೋಣ ಅಂದ್ರೆ ಪಾತ್ರೆ ಇಲ್ಲ. ನಿಮ್ಮನೇಲಿ ಅದೆ.”

ಅವಳು ಚುಚ್ಚಲೆಂದು ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೆ. ಮೊರಿಚಿಕಾ ಗೆಣಸನ್ನು ಬಾಯಿಗಿಟ್ಟ. ಅವನು ಎಲೆಯನ್ನು ನೆಲಕ್ಕಿಟ್ಟು ತಾನೂ ಮಣ್ಣಿನಲ್ಲೇ ಕೂತ.

“ಸೂರುಗಂದಾಯ ತೆಗೆದುಹಾಕ್ತೀನಿ. ಪಾತ್ರೆ ಕೊಡ್ತೀನಿ. ಕಟ್ಟಿದವರ ಕಾಸು ಮಾತ್ರ...” ಅವನ ದನಿ ತಗ್ಗಿತು. “ಅದು ಕ್ಯೋಟೋಕ್ಕೆ ಹೋಗಿಬಿಡ್ತು. ಒಂದು ಹೆಸರಿಗೋಸ್ಕರ ಕೊಟ್ಟುಬಿಟ್ಟೆ.”

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

“ಹಂಗಾದ್ರೆ?” ಎಂದ ಯಜಿರೋ.

“ಈ ಬೆಳೇಲಿ ನನ್ನ ಪಾಲಿನ ಅರ್ಧ ಬಿಡ್ತೀನಿ. ಮೇಲಿನ ದೊರೆಯ ಪಾಲನ್ನ ನನ್ನ ಕುದುರೆ ಮಾರಿ ಕಟ್ತೀನಿ.”

ಊರವರು ದೂರ ಸರಿದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಮೊರಿಚಿಕಾ ತೀರ್ಪಿಗೆ ಕಾದ ಕಳ್ಳನಂತೆ ಕೂತಿದ್ದ. ಕೊನೆಗೆ ಯಜಿರೋ ಬಂದು, “ಕಾಳು ಉದುರ್ತಾ ಅದೆ, ನಡೀರಿ ಇಳಿಯೋಣ,” ಎಂದಷ್ಟೇ ಹೇಳಿದ.

ಪಾತ್ರೆಗಳನ್ನು ಆಳುಗಳ ಕೈಲಿ ಕಳಿಸಬಹುದಿತ್ತು. ಮೊರಿಚಿಕಾ ತಾನೇ ಗಾಡಿಯ ಜೊತೆ ಮನೆಮನೆಗೆ ಹೋದ. ಕಮೆ ತನ್ನ ಪಾತ್ರೆ ಕಂಡವಳೇ ನೆಲಕ್ಕೆ ಹಣೆ ಹಚ್ಚಿ, “ದೊಡ್ಡ ಮನಸ್ಸು ಮಾಡಿದ್ರಿ ಬುದ್ಧಿ,” ಎಂದಳು. ಅವಳದೇ ಪಾತ್ರೆ, ಅದಕ್ಕೆ ಅವಳದೇ ನಮಸ್ಕಾರ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. “ಏಳು, ಏಳು,” ಎಂದವನು ಅವಳು ಏಳುವ ಮುಂಚೆಯೇ ಹೊರಟುಹೋದ.

ಅರೆವಾಸಿ ಕಾಳು ಮಣ್ಣುಪಾಲಾಗಿತ್ತು. ಆ ಚಳಿಗಾಲ ಪಾಳೆಗಾರನ ಮನೆಯಲ್ಲೂ ನವಣೆಯೇ ಬೆಂದಿತು. ಊರವರು ಮೊದಲಿನಂತೆಯೇ ದಾರಿ ಬಿಟ್ಟು, ಬಗ್ಗಿ ನಮಸ್ಕರಿಸುತ್ತಿದ್ದರು. ಮೊರಿಚಿಕಾ ಮಾತ್ರ ಊರೊಳಗಿನ ದಾರಿಯನ್ನು ಬಿಟ್ಟು, ಹೊಳೆಯಂಚಿನ ಕೆಸರುಹಾದಿಯಲ್ಲಿ ಓಡಾಡತೊಡಗಿದ.