ನ್ಯಾಯಾಧೀಶನ ಮೌನ

ಪರದೆಯ ಮರೆಯಲ್ಲಿ ಕುಳಿತಿದ್ದ ಹೆಂಡತಿಯ ತುಟಿ ಅಲುಗಲಿಲ್ಲ.

ನ್ಯಾಯಾಧೀಶನ ಕಪ್ಪು ನಿಲುವಂಗಿ ತೊಟ್ಟು ರಂಗದ ನಡುವೆ ನಿಂತಿದ್ದ ನಟ ಕಾದ. ಎದುರಿಗೆ ಕೊಲೆಯ ಆರೋಪ ಹೊತ್ತ ಮಗನ ಪಾತ್ರಧಾರಿ. ಸ್ವಂತ ಮಗನಿಗೆ ಶಿಕ್ಷೆ ವಿಧಿಸುವ ಮುನ್ನ ತಂದೆಗೆ ಮಾತು ಹೊರಡದ ಈ ಗಳಿಗೆಯೇ ನಟನಿಗೆ ಹೆಸರು ತಂದದ್ದು. ಆ ಮೌನವನ್ನು ನೋಡಲೆಂದೇ ಜನ ಮತ್ತೆ ಮತ್ತೆ ಬರುತ್ತಿದ್ದರು.

ಅದರ ಗುಟ್ಟು ಮನೆಯವರಿಗಷ್ಟೇ ಗೊತ್ತು. ತೀರ್ಪಿನ ಮಾತನ್ನು ಅವನು ಎಂದೂ ಬಾಯಿಪಾಠ ಮಾಡಿರಲಿಲ್ಲ. ಪ್ರತಿ ಪ್ರದರ್ಶನಕ್ಕೂ ಹೆಂಡತಿ ಅದನ್ನು ಹೊಸದಾಗಿ ಹೆಣೆದು, ಮರೆಯಿಂದ ಪಿಸುಗುಟ್ಟುತ್ತಿದ್ದಳು. ಮಾತಿಗಾಗಿ ತಡಕಾಡುವ ಮುಖವನ್ನು ನಟಿಸಲಾಗದು, ನಿಜವಾಗಿಯೇ ತಡಕಾಡಬೇಕು ಎಂಬುದು ಅವನ ನಂಬಿಕೆ. ಚಪ್ಪಾಳೆ ಅವನ ಪಾಲಿಗೆ ಬಂತು, ಮರೆಯ ಸ್ಟೂಲು ಅವಳ ಪಾಲಿಗೆ.

ಸಂಜೆ ಬಣ್ಣದ ಕೋಣೆಯಲ್ಲಿ ಮಗಳು ಜಗಳವಾಡಿದ್ದಳು.

“ಹಾಸಿಗೆ ಬಿಟ್ಟು ಏಳ್ಬಾರ್ದು ಅಂದಿದ್ದಾರೆ ಡಾಕ್ಟ್ರು. ಅಮ್ಮನ ಎದೆ ಇನ್ನೊಂದ್ಸಲ ತಡೆಯಲ್ಲಪ್ಪ. ಇವತ್ತೊಂದಿನ ನೀವೇ ಏನಾದ್ರೂ ಹೇಳ್ಕೊಳ್ಳಿ.”

“ಹೇಳ್ಕೊಂಡ್ರೆ ತಡಕಾಟ ಬರೀ ನಟನೆ ಅಂತ ಜನಕ್ಕೆ ಗೊತ್ತಾಗಿಬಿಡುತ್ತೆ ಕಣಮ್ಮ.”

“ಗೊತ್ತಾಗ್ಲಿ ಬಿಡಿ.”

ಹೆಂಡತಿ ಶಾಲು ಹೊದ್ದು ಎದ್ದಳು. “ನಾನಿಲ್ದಿದ್ರೆ ನಿಮ್ಮಪ್ಪ ಕೊಲೆಗಾರನ್ನ ಊಟಕ್ಕೆ ಕರೀತಾರೆ ಅಷ್ಟೇ. ರೀ, ಉಸಿರು ಕಟ್ಟಿದ್ರೆ ಕೈ ಎತ್ತುತ್ತೀನಿ. ಆಗ ಮಾತ್ರ ಎಲ್ಲ ಬಿಟ್ಟು ಬಂದ್ಬಿಡಿ.”

“ಬರ್ತೀನಿ ಕಣೇ,” ಎಂದಿದ್ದ.

ಈಗ ಆ ಕೈ ಮೇಲೆದ್ದಿತ್ತು.

ಸ್ಟೂಲು ಕಾಣುತ್ತಿದ್ದುದು ಅವನೊಬ್ಬನಿಗೇ. ಮಗಳು ಸಭಾಂಗಣದ ಹಿಂತುದಿಯಲ್ಲಿ ದೀಪಗಳ ಬಳಿ ಇದ್ದಳು. ಅವನ ಕಾಲು ಹೊರಡಲು ಸಜ್ಜಾಯಿತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಸಭಾಂಗಣವೆಲ್ಲ ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿತ್ತು. ಇಷ್ಟು ಗಾಢವಾದ ಮೌನ ಅವನಿಗೆ ಹಿಂದೆಂದೂ ದಕ್ಕಿರಲಿಲ್ಲ. ಇನ್ನೊಂದೇ ಕ್ಷಣ, ಎಂದುಕೊಂಡ. ಅದು ಕಳೆಯಿತು. ಮತ್ತೊಂದಕ್ಕಾಗಿ ನಿಂತ.

ಕೈ ಕೆಳಗಿಳಿಯಿತು. ಅವಳ ತಲೆ ಪರದೆಯ ಹಗ್ಗಗಳಿಗೆ ಒರಗಿತು.

ಆಗ ಓಡಿದ. ತೀರ್ಪು ಹೇಳಲಾರದೆ ನ್ಯಾಯಾಧೀಶ ನ್ಯಾಯಾಲಯವನ್ನೇ ಬಿಟ್ಟು ಓಡಿದನೆಂದು ತಿಳಿದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅವನು ಹೆಂಡತಿಯನ್ನು ನೆಲದ ಮೇಲೆ ಮಲಗಿಸಿ ಅವಳ ತಣ್ಣನೆಯ ಅಂಗೈ ತಿಕ್ಕುತ್ತಿದ್ದಾಗ ಮ್ಯಾನೇಜರು ಪರದೆಯ ಆಚೆಯಿಂದಲೇ ಕೂಗಿದ: “ಅಣ್ಣಾ, ಒಂದ್ಸಲ ಬಂದು ಮುಖ ತೋರ್ಸಿ. ಜನ ಕದಲ್ತಾನೇ ಇಲ್ಲ. ನಾಳೆನೂ ಹಿಂಗೇ ಮಾಡ್ಬಿಡೋಣ.”

ಗುಂಪನ್ನು ಸೀಳಿಕೊಂಡು ಮಗಳು ಬಂದಳು. ತಾಯಿಯ ಮೂಗಿನ ಬಳಿ ಬೆರಳಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು. ಬಳಿಕ ಬಹಳ ಮೆಲ್ಲಗೆ ಕೇಳಿದಳು:

“ಅಮ್ಮ ಕೈ ಎತ್ತಲಿಲ್ವಾ ಅಪ್ಪ?”

ಅವನು ಬಾಯಿ ತೆರೆದ. ಮಾತು ಸಿಗಲಿಲ್ಲ. ಅಭ್ಯಾಸಬಲದಿಂದ ಕಣ್ಣು ಖಾಲಿ ಸ್ಟೂಲಿನತ್ತ ಹೊರಳಿತು.

ಆ ಮುಖವನ್ನು ಮಗಳು ಪ್ರತಿ ಪ್ರದರ್ಶನದಲ್ಲೂ ತಾನೇ ದೀಪ ಹಾಯಿಸಿ ಬೆಳಗಿದ್ದಳು. ಇನ್ನೇನನ್ನೂ ಕೇಳದೆ, ತಾಯಿಯ ಕೈಯನ್ನು ಅವನ ಹಿಡಿತದಿಂದ ಬಿಡಿಸಿಕೊಂಡಳು.